ದಿಲ್ಲಿಯ ಕುರ್ಚಿ, ದಾವಣಗೆರೆಯ ಗರಡಿ: ಕುಸ್ತಿ ಫೆಡರೇಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯವರಿಗೆ ಕುಸ್ತಿ ಹೊಸದಲ್ಲ. ದುಗ್ಗಮ್ಮನ ಜಾತ್ರೆ ಬಂತು ಅಂದ್ರೆ ಬಯಲು ಜಂಗಿ ಕುಸ್ತಿ ನೋಡಲು ಜನ ಮುಗಿಬೀಳುತ್ತಾರೆ. ಆದರೆ ಮಗನನ್ನೋ ಮಗಳನ್ನೋ ಗರಡಿಗೆ, ಕ್ರೀಡಾ ಹಾಸ್ಟೆಲ್‌ಗೆ ಸೇರಿಸಿದ ಅಪ್ಪ-ಅಮ್ಮಂದಿರಿಗೆ ಪಟ್ಟುಗಳಿಗಿಂತ ಕಾಗದಪತ್ರಗಳದೇ ಜಾಸ್ತಿ ತಲೆನೋವು. ಯಾವ ಸಂಘ, ಯಾರ ಸಹಿ, ದಿಲ್ಲಿಯಲ್ಲಿ ಗಲಾಟೆಯಾದರೆ ನಮ್ಮ ಹುಡುಗನಿಗೇನು? ಮಕ್ಕಳನ್ನು ಆಯ್ಕೆ ಪಂದ್ಯಗಳಿಗೆ ಕರೆದುಕೊಂಡು ಹೋಗಿ ಬರುವವನು ನಾನು. ದಾರಿಯಲ್ಲಿ, ಬಸ್‌ನಲ್ಲಿ, ಮ್ಯಾಟ್ ಪಕ್ಕದಲ್ಲಿ ಕೇಳಿಸಿಕೊಂಡ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಕುಸ್ತಿ ಫೆಡರೇಷನ್ ಅಂದ್ರೆ ಸರ್ಕಾರದ ಇಲಾಖೆಯಾ?

ಅಲ್ಲ. ಭಾರತೀಯ ಕುಸ್ತಿ ಫೆಡರೇಷನ್ ನೋಂದಣಿಯಾದ ಒಂದು ಸಂಘ, ಅಷ್ಟೇ. ಅಲ್ಲಿ ಕೂರುವವರು ಸರ್ಕಾರಿ ನೌಕರರಲ್ಲ, ಚುನಾವಣೆಯಲ್ಲಿ ಗೆದ್ದು ಬಂದವರು. ಆದರೆ ಅದು ಬೇರೆ ಸಂಘಗಳ ಹಾಗಲ್ಲ. 'ಭಾರತ' ಅಂತ ಬರೆದ ಅಂಗಿ ಯಾರು ತೊಡಬೇಕು ಅಂತ ತೀರ್ಮಾನ ಮಾಡುವುದು ಅದೇ. ಕೇಂದ್ರ ಕ್ರೀಡಾ ಸಚಿವಾಲಯ ಅದಕ್ಕೆ ಮಾನ್ಯತೆ ಕೊಡುತ್ತದೆ. ಶಿಬಿರಕ್ಕೆ, ವಿದೇಶ ಪ್ರವಾಸಕ್ಕೆ ಹಣವನ್ನೂ ಕೊಡುತ್ತದೆ. ಒಂದು ಆಟಕ್ಕೆ ಒಂದೇ ಫೆಡರೇಷನ್. ಇದು ಬೇಡ, ಪಕ್ಕದ್ದಕ್ಕೆ ಹೋಗೋಣ ಅನ್ನುವ ಹಾಗಿಲ್ಲ. ಅದಕ್ಕೇ ಅಲ್ಲಿ ಯಾರು ಕೂತಿದ್ದಾರೆ ಅನ್ನುವುದು ನಮ್ಮ ಮನೆಯ ವಿಚಾರವೂ ಆಗುತ್ತದೆ.

ನಮ್ಮ ಕ್ರೀಡಾ ಹಾಸ್ಟೆಲ್ ಬೇರೆ. ಅದನ್ನು ನಡೆಸುವುದು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಊಟ, ವಸತಿ, ಕೋಚ್ ಎಲ್ಲ ಇಲಾಖೆಯದು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಹೋಗುವ ದಾರಿ ಮಾತ್ರ ಸಂಘದ ಮೂಲಕ. ತುಂಬಾ ಜನ ಇವೆರಡನ್ನೂ ಒಂದೇ ಅಂದುಕೊಂಡು, ಇಲಾಖೆಗೆ ಕೇಳಬೇಕಾದ್ದನ್ನು ಸಂಘಕ್ಕೆ, ಸಂಘಕ್ಕೆ ಕೇಳಬೇಕಾದ್ದನ್ನು ಇಲಾಖೆಗೆ ಕೇಳಿ ಸುಮ್ನೆ ಅಲೆದಾಡುತ್ತಾರೆ.

ಗರಡಿಯಿಂದ ಒಲಿಂಪಿಕ್ಸ್‌ವರೆಗೆ ಎಷ್ಟು ಮೆಟ್ಟಿಲು?

ಕೆಳಗಿನಿಂದ ಹೇಳುತ್ತೇನೆ. ಮೊದಲು ಜಿಲ್ಲಾ ಸಂಘ. ಅದರ ಮೇಲೆ ರಾಜ್ಯ ಸಂಘ. ಅದರ ಮೇಲೆ ಭಾರತೀಯ ಕುಸ್ತಿ ಫೆಡರೇಷನ್. ಅದಕ್ಕೂ ಮೇಲೆ ಸ್ವಿಟ್ಜರ್ಲೆಂಡ್‌ನಲ್ಲಿರುವ ಯುನೈಟೆಡ್ ವರ್ಲ್ಡ್ ರೆಸ್ಲಿಂಗ್, ಅಂದ್ರೆ ಇಡೀ ಜಗತ್ತಿನ ಕುಸ್ತಿಗೆ ನಿಯಮ ಮಾಡುವ ಸಂಸ್ಥೆ. ಕೆಳಗಿನ ಮೆಟ್ಟಿಲು ಬಿಟ್ಟು ಮೇಲಿನದಕ್ಕೆ ಹಾರಲು ಆಗುವುದಿಲ್ಲ.

1997ರ ಆಗಸ್ಟ್ 15ಕ್ಕೆ ಮುಂಚೆ ದಾವಣಗೆರೆ ಬೇರೆ ಜಿಲ್ಲೆಯಾಗಿರಲಿಲ್ಲ, ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಹಳೇ ಪೈಲ್ವಾನರ ಸರ್ಟಿಫಿಕೇಟ್‌ಗಳಲ್ಲಿ ಚಿತ್ರದುರ್ಗ ಜಿಲ್ಲೆ ಅಂತ ಇರುವುದು ಅದಕ್ಕೇ. ಈಗ ಎರಡೂ ಬೇರೆ ಬೇರೆ. ನಿಮ್ಮ ಮಗು ಯಾವ ಜಿಲ್ಲೆಯಿಂದ ಆಡಬೇಕು ಅನ್ನುವುದನ್ನು ವರ್ಷದ ಶುರುವಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.

ಒಲಿಂಪಿಕ್ ಸಂಸ್ಥೆ ಅಂತ ಇನ್ನೊಂದಿದೆಯಲ್ಲ, ಅದು ಯಾವುದು?

ಭಾರತ ಒಲಿಂಪಿಕ್ ಸಂಸ್ಥೆ, ಅಂದ್ರೆ ಐಒಎ. ಅದು ಒಂದು ಆಟದ್ದಲ್ಲ, ಎಲ್ಲ ಒಲಿಂಪಿಕ್ ಆಟಗಳ ಫೆಡರೇಷನ್‌ಗಳು ಸೇರುವ ಕಟ್ಟೆ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್‌ಗೆ ದೇಶದ ತಂಡ ಕಳಿಸುವುದು ಇದೇ. ಫೆಡರೇಷನ್ ಹೆಸರು ಕೊಡುತ್ತದೆ, ಐಒಎ ಕಳಿಸುತ್ತದೆ.

ಇದರ ಬೇರು ಹಳೆಯದು. 1920ರ ಆಂಟ್ವೆರ್ಪ್ ಒಲಿಂಪಿಕ್ಸ್‌ಗೆ ಭಾರತದ ತಂಡ ಹೋಗಲು ಮುಂದೆ ನಿಂತವರು ದೊರಾಬ್ಜಿ ಟಾಟಾ. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಡಿ 19ನೇಯವರಾಗಿ ಮುಗಿಸಿದರು. ಐಒಎ ಹುಟ್ಟಿದ್ದು 1927ರಲ್ಲಿ, ಟಾಟಾ ಅವರೇ ಮೊದಲ ಅಧ್ಯಕ್ಷರು. ಆಮೇಲೆ ಬಹಳ ಕಾಲ ಆ ಕುರ್ಚಿಯಲ್ಲಿ ಪಟಿಯಾಲ ರಾಜಮನೆತನದವರು, ನಂತರ ರಾಜಕಾರಣಿಗಳು, ಆಡಳಿತಗಾರರು ಕೂತರು. 2022ರ ಡಿಸೆಂಬರ್‌ನಲ್ಲಿ ಪಿ.ಟಿ. ಉಷಾ ಅವಿರೋಧವಾಗಿ ಆಯ್ಕೆಯಾದರು. ಮೊದಲ ಮಹಿಳಾ ಅಧ್ಯಕ್ಷೆ. 1984ರ ಲಾಸ್ ಏಂಜಲೀಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡವರು ಅವರು. ಓಡಿ ಬೆವರು ಹರಿಸಿದವರೊಬ್ಬರು ಅಲ್ಲಿ ಕೂತಿದ್ದು ನನಗೆ ನಿಜವಾಗಿ ಖುಷಿ ಕೊಟ್ಟಿತು. ಅವರ ಕಾಲದಲ್ಲೂ ಕಾರ್ಯಕಾರಿ ಸಮಿತಿ ಜೊತೆ ಜಗಳಗಳಾದವು. ಸಿಇಒ ನೇಮಕದ ಒಂದೇ ವಿಷಯ ತಿಂಗಳುಗಟ್ಟಲೆ ಎಳೆದಾಡಿತು. ಆಟಗಾರರು ಬಂದ ತಕ್ಷಣ ಎಲ್ಲ ಸರಿಹೋಗುವುದಿಲ್ಲ. ಆದರೂ ಆಟಗಾರರೇ ಇಲ್ಲದ ಸಮಿತಿಗಿಂತ ಇದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಅಧ್ಯಕ್ಷರನ್ನು ಆರಿಸುವವರು ಯಾರು? ಪೈಲ್ವಾನರಿಗೆ ಓಟು ಇದೆಯಾ?

ಕುಸ್ತಿ ಫೆಡರೇಷನ್ ಚುನಾವಣೆಯಲ್ಲಿ ಓಟು ಹಾಕುವುದು ರಾಜ್ಯ ಸಂಘಗಳ ಪ್ರತಿನಿಧಿಗಳು, ಒಂದೊಂದು ರಾಜ್ಯದಿಂದ ಇಬ್ಬರು. 2023ರ ಡಿಸೆಂಬರ್ 21ರಂದು ನಡೆದ ಚುನಾವಣೆಯನ್ನೇ ನೋಡಿ. ಸಂಜಯ್ ಸಿಂಗ್ ಅವರಿಗೆ 40 ಓಟು, 2010ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಅನಿತಾ ಶಿಯೋರಾನ್ ಅವರಿಗೆ 7. ಒಟ್ಟು 47 ಓಟು. ದೇಶದ ಎಲ್ಲ ಗರಡಿಗಳ, ಎಲ್ಲ ಹಾಸ್ಟೆಲ್‌ಗಳ ಮಕ್ಕಳ ಹಣೆಬರಹ ಇಷ್ಟು ಕೈಗಳಲ್ಲಿ. ನಮ್ಮ ಒಂದು ಗ್ರಾಮ ಪಂಚಾಯ್ತಿ ವಾರ್ಡಿನಲ್ಲಿ ಇದಕ್ಕಿಂತ ಜಾಸ್ತಿ ಮತದಾರರಿರುತ್ತಾರೆ.

ಹಾಗಾದರೆ ನಮ್ಮ ಮಾತು ಎಲ್ಲಿ ನಡೆಯುತ್ತೆ? ಜಿಲ್ಲಾ ಸಂಘದಲ್ಲಿ. ಜಿಲ್ಲೆಯವರು ರಾಜ್ಯದವರನ್ನು ಆರಿಸುತ್ತಾರೆ, ರಾಜ್ಯದವರು ದಿಲ್ಲಿಯವರನ್ನು. ಜಿಲ್ಲಾ ಸಂಘದ ಸಭೆ ಯಾವಾಗ, ಸದಸ್ಯರು ಯಾರು ಅಂತ ಕೇಳುವವರೇ ಇಲ್ಲದಿದ್ದರೆ ಮೇಲಿನದೂ ಹಾಗೇ ಸಾಗುತ್ತದೆ.

ಒಬ್ಬರೇ ಎಷ್ಟು ವರ್ಷ ಕೂರಬಹುದು?

2011ರ ಕ್ರೀಡಾ ಸಂಹಿತೆಯಲ್ಲಿ ಅಧ್ಯಕ್ಷರಿಗೆ ಹೆಚ್ಚೆಂದರೆ 12 ವರ್ಷ, ವಯಸ್ಸು 70 ದಾಟಬಾರದು ಅಂತ ಇತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಪಾಸು ಮಾಡಿತು. ಕಾರ್ಯಕಾರಿ ಸಮಿತಿಯಲ್ಲಿ 15ಕ್ಕಿಂತ ಜಾಸ್ತಿ ಜನ ಇರುವ ಹಾಗಿಲ್ಲ, ಕನಿಷ್ಠ 4 ಮಹಿಳೆಯರು ಇರಲೇಬೇಕು, ಸಾಧನೆ ಮಾಡಿದ ಕ್ರೀಡಾಪಟುಗಳಿಗೂ ಜಾಗ ಕೊಡಬೇಕು ಅನ್ನುತ್ತದೆ ಅದು. ಅಂತರರಾಷ್ಟ್ರೀಯ ನಿಯಮ ಒಪ್ಪಿದರೆ 70ರಿಂದ 75ರ ಒಳಗಿನವರೂ ಚುನಾವಣೆಗೆ ನಿಲ್ಲಬಹುದು. ಮಾನ್ಯತೆ ಕೊಡಲು ರಾಷ್ಟ್ರೀಯ ಕ್ರೀಡಾ ಮಂಡಳಿ, ಜಗಳ ಬಗೆಹರಿಸಲು ಕ್ರೀಡಾ ನ್ಯಾಯಮಂಡಳಿ, ಚುನಾವಣೆ ನೋಡಿಕೊಳ್ಳಲು ಪ್ರತ್ಯೇಕ ಸಮಿತಿ ಕೂಡ ಆ ಕಾಯ್ದೆಯಲ್ಲಿವೆ.

2023ರಲ್ಲಿ ಕುಸ್ತಿಪಟುಗಳು ಬೀದಿಗೆ ಬಂದಿದ್ದು ಯಾಕೆ?

ಈ ಪ್ರಶ್ನೆಯನ್ನು ಅಮ್ಮಂದಿರು ಮೆಲ್ಲಗೆ, ಪಕ್ಕಕ್ಕೆ ಕರೆದು ಕೇಳುತ್ತಾರೆ. ಬಿಡಿಸಿಯೇ ಹೇಳಬೇಕು.

2023ರ ಜನವರಿಯಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪುನಿಯಾ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಸಾಕ್ಷಿ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ತಂದವರು, ಬಜರಂಗ್ ಟೋಕಿಯೊದಲ್ಲಿ. 2012ರಿಂದ ಫೆಡರೇಷನ್ ಅಧ್ಯಕ್ಷರಾಗಿದ್ದ, ಆಗ ಸಂಸದರೂ ಆಗಿದ್ದ ಬ್ರಿಜ್ ಭೂಷಣ್ ಶರಣ್ ಸಿಂಗ್ ಅವರ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ಅವರು ಆರೋಪ ಅಲ್ಲಗಳೆದಿದ್ದಾರೆ. ಒಂದು ವಿಚಾರಣಾ ಸಮಿತಿಯಾಯಿತು, ಆದರೆ ಸಮಾಧಾನವಾಗಲಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಧರಣಿ. ಮೇ 28ರಂದು ಪೊಲೀಸರು ಅವರನ್ನು ಎಳೆದುಕೊಂಡು ಹೋದ ಚಿತ್ರ ನೀವೂ ನೋಡಿರಬೇಕು. ಎರಡು ದಿನ ಬಿಟ್ಟು ಪದಕಗಳನ್ನು ಗಂಗೆಗೆ ಬಿಡುತ್ತೇವೆ ಅಂತ ಹರಿದ್ವಾರಕ್ಕೆ ಹೋದರು. ರೈತ ಮುಖಂಡರು ತಡೆದರು. ಜೂನ್‌ನಲ್ಲಿ ದಿಲ್ಲಿ ಪೊಲೀಸರು ಆರೋಪಪಟ್ಟಿ ಸಲ್ಲಿಸಿದರು. 2024ರ ಮೇನಲ್ಲಿ ನ್ಯಾಯಾಲಯ ದೋಷಾರೋಪ ಹೊರಿಸಿತು. ಅಪ್ರಾಪ್ತ ಕುಸ್ತಿಪಟುವಿಗೆ ಸಂಬಂಧಿಸಿದ ಇನ್ನೊಂದು ಪ್ರಕರಣವನ್ನು 2025ರ ಮೇನಲ್ಲಿ, ಪೊಲೀಸರ ವರದಿ ಒಪ್ಪಿ, ನ್ಯಾಯಾಲಯ ಮುಕ್ತಾಯ ಮಾಡಿತು.

ಡಿಸೆಂಬರ್ 21ರ ಚುನಾವಣೆಯಲ್ಲಿ ಗೆದ್ದ ಸಂಜಯ್ ಸಿಂಗ್ ಹಳೇ ಅಧ್ಯಕ್ಷರ ಆಪ್ತರು ಅಂತ ಹೇಳಿ ಸಾಕ್ಷಿ ಮಲಿಕ್ ಅದೇ ದಿನ ಕುಸ್ತಿ ಬಿಟ್ಟರು. ತಮ್ಮ ಬೂಟುಗಳನ್ನು ಮೇಜಿನ ಮೇಲಿಟ್ಟು ಎದ್ದು ಹೋದರು. ಆ ದೃಶ್ಯ ಟಿವಿಯಲ್ಲಿ ಬಂದಾಗ ನಮ್ಮ ಗರಡಿಯ ಹುಡುಗಿಯೊಬ್ಬಳು ತನ್ನ ಬೂಟಿನ ಲೇಸ್ ಕಟ್ಟುತ್ತಿದ್ದಳು. ಕೈ ನಿಲ್ಲಿಸಿ ನೋಡುತ್ತಾ ಕೂತಳು. ಏನೂ ಕೇಳಲಿಲ್ಲ. ನನಗೂ ಏನು ಹೇಳಬೇಕೋ ತೋಚಲಿಲ್ಲ.

ಫೆಡರೇಷನ್ ಅಮಾನತಾದರೆ ನಮ್ಮ ಮಕ್ಕಳಿಗೆ ಏನು ತೊಂದರೆ?

ತುಂಬಾ ತೊಂದರೆ. ಚುನಾವಣೆ ಹೊತ್ತಿಗೆ ಸರಿಯಾಗಿ ಮಾಡಲಿಲ್ಲ ಅಂತ 2023ರ ಆಗಸ್ಟ್‌ನಲ್ಲಿ ವಿಶ್ವ ಕುಸ್ತಿ ಸಂಸ್ಥೆ ನಮ್ಮ ಫೆಡರೇಷನ್ ಅನ್ನು ಅಮಾನತು ಮಾಡಿತು. ಮರುತಿಂಗಳು ಬೆಲ್‌ಗ್ರೇಡ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ನಮ್ಮವರು ಭಾರತದ ಬಾವುಟ ಇಲ್ಲದೆ ಆಡಿದರು. ಅಂತಿಮ್ ಪಂಘಾಲ್ ಅಲ್ಲಿ ಕಂಚು ಗೆದ್ದು ಪ್ಯಾರಿಸ್ ಒಲಿಂಪಿಕ್ಸ್‌ಗೆ ಕೋಟಾ, ಅಂದ್ರೆ ಒಂದು ಸೀಟು, ತಂದಳು, ಆದರೂ ತ್ರಿವರ್ಣ ಇರಲಿಲ್ಲ. ಅದಾದ ಕೆಲವೇ ದಿನಕ್ಕೆ ಏಷ್ಯನ್ ಗೇಮ್ಸ್‌ನಲ್ಲಿ ಅದೇ ಹುಡುಗಿ ಭಾರತದ ಬಾವುಟದ ಕೆಳಗೇ ಆಡಿದಳು. ಯಾಕೆ ಗೊತ್ತಾ? ಅಲ್ಲಿಗೆ ಕಳಿಸಿದ್ದು ಐಒಎ. ಅಮಾನತಾಗಿದ್ದು ಕುಸ್ತಿ ಫೆಡರೇಷನ್. ಎರಡಕ್ಕೂ ಇರುವ ವ್ಯತ್ಯಾಸ ಇದಕ್ಕಿಂತ ಚೆನ್ನಾಗಿ ತೋರಿಸಲು ಆಗುವುದಿಲ್ಲ.

ಐಒಎಗೂ ಇದೇ ಗತಿ ಬಂದಿತ್ತು. 2012ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದನ್ನು ಅಮಾನತು ಮಾಡಿತು. 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ನಮ್ಮವರು ಒಲಿಂಪಿಕ್ ಬಾವುಟದ ಕೆಳಗೆ ನಡೆದರು. ಫೆಬ್ರವರಿ 11ಕ್ಕೆ ಅಮಾನತು ತೆರವಾಯಿತು, ಕ್ರೀಡಾಕೂಟ ನಡೆಯುತ್ತಿರುವಾಗಲೇ.

ಕುಸ್ತಿಯ ಕಥೆ ಅಷ್ಟು ಬೇಗ ಮುಗಿಯಲಿಲ್ಲ. 2023ರ ಡಿಸೆಂಬರ್‌ನಲ್ಲಿ ಹೊಸ ಸಮಿತಿ ಬಂದ ಮೂರೇ ದಿನಕ್ಕೆ, ಕಿರಿಯರ ಚಾಂಪಿಯನ್‌ಷಿಪ್ ತರಾತುರಿಯಲ್ಲಿ ಘೋಷಿಸಿದರು ಅಂತ ಕ್ರೀಡಾ ಸಚಿವಾಲಯ ಅದನ್ನು ಅಮಾನತು ಮಾಡಿತು. ಐಒಎ ನೇಮಿಸಿದ ತಾತ್ಕಾಲಿಕ ಸಮಿತಿ ಕೆಲಸ ನಡೆಸಿತು. 2024ರ ಫೆಬ್ರವರಿಯಲ್ಲಿ ವಿಶ್ವ ಕುಸ್ತಿ ಸಂಸ್ಥೆ ತನ್ನ ಅಮಾನತು ತೆಗೆಯಿತು. ಸಚಿವಾಲಯ ತೆಗೆದದ್ದು 2025ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಕಿರಿಯರಿಗೆ ಒಂದು ವರ್ಷದ ಪಂದ್ಯಗಳೇ ತಪ್ಪಿಹೋದವು. 2024ರ ಜನವರಿಯಲ್ಲಿ ನೂರಾರು ಕಿರಿಯ ಕುಸ್ತಿಪಟುಗಳು ನಮ್ಮ ವರ್ಷ ಹಾಳಾಯಿತು ಅಂತ ಅದೇ ಜಂತರ್ ಮಂತರ್‌ಗೆ ಬಂದು, ಹಿರಿಯ ಕುಸ್ತಿಪಟುಗಳ ವಿರುದ್ಧವೇ ಕೂಗಿದರು. ಮಕ್ಕಳ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ದೂರು ಕೊಟ್ಟವರನ್ನು ದೂರುವುದು ನನಗೆ ಸರಿ ಕಾಣಲಿಲ್ಲ. ಹೊತ್ತಿಗೆ ಸರಿಯಾಗಿ ದೂರು ಕೇಳಿದ್ದರೆ, ಚುನಾವಣೆ ಮಾಡಿದ್ದರೆ ಯಾರ ವರ್ಷವೂ ಹೋಗುತ್ತಿರಲಿಲ್ಲ.

17 ವರ್ಷದೊಳಗಿನವರ ವಿಭಾಗದಲ್ಲಿ ಕಡೇ ವರ್ಷ ಇದ್ದ ಹುಡುಗನಿಗೆ ಆ ವರ್ಷ ಮತ್ತೆ ಸಿಗುವುದಿಲ್ಲ. ನನ್ನ ತಂಗಿಯ ಮಗ ಇನ್ನೊಂದು ಕಾರಣಕ್ಕೆ ಹೀಗೇ ಒಂದು ವರ್ಷ ಕಳೆದುಕೊಂಡ. ಆಯ್ಕೆಯಲ್ಲಿ ಗೆದ್ದಿದ್ದ. ಫಾರ್ಮ್ ಮೇಲೆ ಒಂದು ಸಹಿ ಬೀಳಬೇಕಿತ್ತು. ಸಹಿ ಮಾಡಬೇಕಾದವರು ಇವತ್ತು ನಾಳೆ ಅನ್ನುತ್ತಾ ಹೋದರು, ಕಡೇ ದಿನ ದಾಟಿತು. ರೈಲ್ವೆ ಟಿಕೆಟ್ ರದ್ದು ಮಾಡಿಸಿದ ರಸೀದಿ ಇನ್ನೂ ನಮ್ಮ ಮನೆಯ ಡಬ್ಬದಲ್ಲಿದೆ. ಆಗ ನಮಗೆ ಯಾರಿಗೆ ಕೇಳಬೇಕು ಅಂತಲೇ ಗೊತ್ತಿರಲಿಲ್ಲ.

ಒಬ್ಬ ಅಧ್ಯಕ್ಷರು ಬದಲಾದರೆ ಏನಾದರೂ ಬದಲಾಗುತ್ತಾ?

ಆಗುತ್ತೆ. ಕುಸ್ತಿಯೇ ಅದಕ್ಕೆ ಸಾಕ್ಷಿ. 2013ರ ಫೆಬ್ರವರಿಯಲ್ಲಿ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ 2020ರಿಂದ ಕುಸ್ತಿಯನ್ನೇ ಕೈಬಿಡಲು ಶಿಫಾರಸು ಮಾಡಿತ್ತು. ಒಲಿಂಪಿಕ್ಸ್‌ನಲ್ಲಿ ಕುಸ್ತಿಯೇ ಇಲ್ಲ ಅಂದ್ರೆ ಊಹೆ ಮಾಡಿ. ಆಗಿನ ವಿಶ್ವ ಕುಸ್ತಿ ಅಧ್ಯಕ್ಷ ಮಾರ್ಟಿನೆಟ್ಟಿ ಇಳಿದರು, ಸರ್ಬಿಯಾದ ನೆನಾದ್ ಲಾಲೊವಿಚ್ ಬಂದರು. ಕೆಲವೇ ತಿಂಗಳಲ್ಲಿ ನಿಯಮ ಬದಲಾಯಿಸಿದರು. ಎರಡೆರಡು ನಿಮಿಷದ ಮೂರು ಸುತ್ತಿನ ಬದಲು ಮೂರು ಮೂರು ನಿಮಿಷದ ಎರಡು ಸುತ್ತು, ಅಂಕ ಎಲ್ಲ ಒಟ್ಟಿಗೆ ಲೆಕ್ಕ. ನೋಡುವವರಿಗೆ ಯಾರು ಗೆಲ್ಲುತ್ತಿದ್ದಾರೆ ಅಂತ ಅರ್ಥವಾಗತೊಡಗಿತು. ಸೆಪ್ಟೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಓಟು ನಡೆದು ಕುಸ್ತಿ ಉಳಿಯಿತು. ಹೆಣ್ಣುಮಕ್ಕಳಿಗೆ ಇದ್ದ 4 ತೂಕದ ವಿಭಾಗ ರಿಯೊ ಹೊತ್ತಿಗೆ 6 ಆಯಿತು. ಈಗ ನಮ್ಮ ಹುಡುಗಿಯರಿಗೆ 50, 53, 57, 62, 68, 76 ಕಿಲೋ ಅಂತ ಆರು ಬಾಗಿಲು ತೆರೆದಿವೆ. ಅದರಲ್ಲಿ ಎರಡು ಬಾಗಿಲು ಆ ತಿಂಗಳುಗಳ ಓಡಾಟದಿಂದ ಬಂದದ್ದು.

ಒಲಿಂಪಿಕ್ ಕೋಟಾ ಗೆದ್ದವರಿಗೇ ಸೀಟು ಗ್ಯಾರಂಟಿನಾ?

ಇಲ್ಲ. ಕುಸ್ತಿಯಲ್ಲಿ ಕೋಟಾ ದೇಶದ್ದು, ಆಟಗಾರರದ್ದಲ್ಲ. ಯಾರನ್ನು ಕಳಿಸಬೇಕು ಅಂತ ಫೆಡರೇಷನ್ ತೀರ್ಮಾನಿಸಬಹುದು. ಆಯ್ಕೆಯ ನಿಯಮ ಮುಂಚೆಯೇ ಬರೆದು ಎಲ್ಲರಿಗೂ ತಿಳಿಸಿರಬೇಕು ಅಂತ ಆಟಗಾರರು ಹಟ ಹಿಡಿಯುವುದು ಇದಕ್ಕೇ.

ವಿನೇಶ್‌ಗೆ 100 ಗ್ರಾಂಗೆ ಪದಕ ತಪ್ಪಿತಲ್ಲ, ಅದು ಫೆಡರೇಷನ್ ತಪ್ಪಾ?

ನಿಯಮ ವಿಶ್ವ ಕುಸ್ತಿ ಸಂಸ್ಥೆಯದು. ಎರಡು ದಿನ ಪಂದ್ಯ ಇದ್ದರೆ ಎರಡೂ ಬೆಳಿಗ್ಗೆ ತೂಕ ನೋಡುತ್ತಾರೆ. ಎರಡನೇ ದಿನ ತಪ್ಪಿದರೂ ಕಡೇ ಸ್ಥಾನ. 2024ರ ಆಗಸ್ಟ್ 6ರಂದು ಪ್ಯಾರಿಸ್‌ನಲ್ಲಿ ವಿನೇಶ್ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿ, ಅವತ್ತೇ ಫೈನಲ್‌ಗೂ ಬಂದಳು. ಮರುದಿನ ಬೆಳಿಗ್ಗೆ 50 ಕಿಲೋಗೆ 100 ಗ್ರಾಂ ಜಾಸ್ತಿ. ಐಒಎ ವಕೀಲರನ್ನಿಟ್ಟು ಅವಳ ಪರ ನಿಂತಿತು, ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಆಗಸ್ಟ್ 14ಕ್ಕೆ ಅರ್ಜಿ ತಳ್ಳಿಹಾಕಿತು. ತೂಕ ಆಟಗಾರರ ಹೊಣೆ ಅಂತ ಕೆಲವರು, ಜೊತೆಗಿದ್ದವರ ಹೊಣೆ ಅಂತ ಕೆಲವರು. ನಾನು ಇಬ್ಬರದೂ ಅನ್ನುತ್ತೇನೆ. ವರ್ಷಪೂರ್ತಿ ಪಥ್ಯ ನೋಡುವ ತಜ್ಞರನ್ನು ಕೊಡುವುದು ಆಡಳಿತದ ಕೆಲಸ.

ಫೆಡರೇಷನ್ ಕೈ ಎಷ್ಟು ಉದ್ದ ಅನ್ನುವುದಕ್ಕೂ ತೂಕವೇ ಉದಾಹರಣೆ. ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಅಮನ್ ಸೆಹ್ರಾವತ್ 2025ರ ಜಾಗ್ರೆಬ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1.7 ಕಿಲೋ ಜಾಸ್ತಿ ಬಂದ. ಫೆಡರೇಷನ್ ಒಂದು ವರ್ಷ ನಿಷೇಧ ಹಾಕಿತು. ಆಮೇಲೆ ವಾಪಸ್ ತೆಗೆದುಕೊಂಡಿತು. ಹಾಕುವುದೂ ಅದೇ, ತೆಗೆಯುವುದೂ ಅದೇ.

ನಮ್ಮ ಮಕ್ಕಳ ತೂಕದ ಬೆಳಿಗ್ಗೆಯನ್ನು ನೀವು ಒಮ್ಮೆ ಬಂದು ನೋಡಬೇಕು. ಇನ್ನೂ ಕತ್ತಲು. ಸಾಲಿನಲ್ಲಿ ನಿಂತ ಹುಡುಗರ ತುಟಿ ಒಣಗಿ ಬಿರುಕು ಬಿಟ್ಟಿರುತ್ತವೆ. ಒಬ್ಬ ಹುಡುಗ 60 ಗ್ರಾಂ ಜಾಸ್ತಿ ಬಂದ. ಎರಡು ಸ್ವೆಟರ್ ಹಾಕಿಕೊಂಡು ಮೈದಾನ ಸುತ್ತಲು ಓಡಿದ. ವಾಪಸ್ ಬಂದಾಗ ಕಣ್ಣು ಒಳಗೆ ಹೋಗಿದ್ದವು. ತೂಕ ಸರಿಯಾಯಿತು, ಆದರೆ ಮೊದಲ ಪಂದ್ಯದಲ್ಲೇ ಕೈಕಾಲು ಸೋತು ಬಿದ್ದ. ಬೆಳೆಯುವ ಮಕ್ಕಳಿಗೆ ಹೀಗೆ ನೀರು ಬಿಡಿಸಬೇಡಿ. ಮೇಲಿನ ತೂಕಕ್ಕೆ ಆಡಿಸಿ, ಸೋತರೂ ಪರವಾಗಿಲ್ಲ.

ಮಗಳನ್ನು ಕುಸ್ತಿಗೆ ಕಳಿಸಬಹುದಾ? ಭಯ ಆಗುತ್ತೆ.

ಕಳಿಸಿ. ಆದರೆ ಕೇಳಿ ಕಳಿಸಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಸಂಸ್ಥೆಗಳಲ್ಲಿ ಆಂತರಿಕ ದೂರು ಸಮಿತಿ ಇರಬೇಕು. 2023ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ಅಂಥ ಸಮಿತಿ ಸರಿಯಾಗಿ ಇಲ್ಲ ಅಂತ ಹಲವು ಫೆಡರೇಷನ್‌ಗಳಿಗೆ ನೋಟಿಸ್ ಕೊಟ್ಟಿತ್ತು. ತಂಡದ ಜೊತೆ ಮಹಿಳಾ ಕೋಚ್ ಅಥವಾ ಮ್ಯಾನೇಜರ್ ಬರುತ್ತಾರಾ? ಹುಡುಗಿಯರ ಕೋಣೆ ಬೇರೆ ಇದೆಯಾ? ಫಿಸಿಯೊ ಬಾಗಿಲು ತೆರೆದಿಟ್ಟು ಕೆಲಸ ಮಾಡುತ್ತಾರಾ? ಈ ಮೂರು ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಸಿಡಿಮಿಡಿ ಮಾಡುವ ಜಾಗಕ್ಕೆ ಕಳಿಸಬೇಡಿ. ಏನಾದರೂ ಆದರೆ ಮಕ್ಕಳ ಸಹಾಯವಾಣಿ 1098 ಇದೆ, ಪೊಲೀಸರಿದ್ದಾರೆ. ಸಂಘದವರು ಬಗೆಹರಿಸಲಿ ಅಂತ ಕಾಯಬೇಕಾಗಿಲ್ಲ.

ವಯಸ್ಸು ಒಂದು ವರ್ಷ ಕಡಿಮೆ ತೋರಿಸಿದರೆ ಏನಾಗುತ್ತೆ?

ಮಾಡಲೇಬೇಡಿ. ನಕಲಿ ಜನನ ಪ್ರಮಾಣಪತ್ರ ಕೊಟ್ಟವರನ್ನು ಫೆಡರೇಷನ್ 2025ರಲ್ಲಿ ಅಮಾನತು ಮಾಡಿದೆ. ಅದೂ ಅಲ್ಲದೆ, ನಿಮ್ಮ ಮಗ ತಳ್ಳಿದ್ದು ಇನ್ಯಾರದೋ ಮಗನನ್ನು.

ಮಟ್ಟಿ ಕುಸ್ತಿ ಆಡಿದವರು ಮ್ಯಾಟ್ ಮೇಲೆ ಆಡಬಹುದಾ?

ಧಾರಾಳವಾಗಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ತಂದ ಕೆ.ಡಿ. ಜಾಧವ್ ಮಣ್ಣಿನಲ್ಲೇ ಬೆಳೆದವರು. ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಹಾಕಿ ಹದ ಮಾಡಿದ ಮಟ್ಟಿಯಲ್ಲಿ ಕಾಲು ಹೂತು ನಿಲ್ಲುತ್ತದೆ. ಮ್ಯಾಟ್ ಮೇಲೆ ಹಾಗಲ್ಲ, ಕಾಲು ಸದಾ ಓಡುತ್ತಿರಬೇಕು. ಮಟ್ಟಿಯಲ್ಲಿ ಚಿತ್ ಮಾಡುವವರೆಗೂ ಕಾಯಬಹುದು, ಮ್ಯಾಟ್ ಮೇಲೆ ಗಡಿಯಾರ ಕಾಯುವುದಿಲ್ಲ. ಹೊಂದಿಕೊಳ್ಳಲು ಸಮಯ ಬೇಕು, ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಅನ್ಯಾಯ ಆಗಿದೆ ಅನ್ನಿಸಿದರೆ ಮೊದಲು ಏನು ಮಾಡಬೇಕು?

ಬರೆಯಬೇಕು. ಬಾಯಿಮಾತು ಗಾಳಿಗೆ ಹೋಗುತ್ತದೆ. ಆಯ್ಕೆ ನಡೆದ ದಿನ, ಜಾಗ, ತೂಕ, ಅಂಕ, ಅಲ್ಲಿದ್ದ ಅಧಿಕಾರಿಯ ಹುದ್ದೆ ಎಲ್ಲ ಅವತ್ತೇ ಬರೆದಿಡಿ. ಅಂಕಪಟ್ಟಿಯ ಫೋಟೊ ತೆಗೆದುಕೊಳ್ಳಿ. ಜಿಲ್ಲಾ ಸಂಘಕ್ಕೆ ಅರ್ಜಿ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಅದೇ ಅರ್ಜಿಯ ಪ್ರತಿ ಜೋಡಿಸಿ ರಾಜ್ಯ ಸಂಘಕ್ಕೆ, ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೆ ಕೊಡಿ. ಇಲಾಖೆ ಸರ್ಕಾರದ್ದು, ಹಾಗಾಗಿ ಅಲ್ಲಿ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು.

ಫಾರ್ಮ್ ತುಂಬಲು ಬಾರದಿದ್ದರೆ ಭಾನುವಾರ ಬೆಳಿಗ್ಗೆ ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದೃಢೀಕರಣ ಪತ್ರ, ನಾಲ್ಕು ಫೋಟೊ ತೆಗೆದುಕೊಂಡು ಗರಡಿಗೆ ಬನ್ನಿ. ಕೂತು ಬರೆಯೋಣ.